ಕರೆಂಟ್ ಹೋದ ರಾತ್ರಿ ಉಳಿದುಕೊಂಡ ಲಾಕ್ ಫೈಲು

ಟ್ರಾಲಿಂಗ್ ನಿಷೇಧ ಜುಲೈ 31ಕ್ಕೆ ಮುಗಿದು ಮಲ್ಪೆಯ ಬೋಟುಗಳು ಮತ್ತೆ ಕಡಲಿಗಿಳಿದ ಮೊದಲ ವಾರ ಅದು. ನಾನು ಕೆಲಸ ಮಾಡುವ ಮೀನು ವ್ಯಾಪಾರದ ಕಚೇರಿಯಲ್ಲಿ ಇರುವುದು ಒಂದೇ ಲಿನಕ್ಸ್ ಸರ್ವರ್. ಅದು ಆನ್ ಆದ ಕೂಡಲೇ ಒಂದು ಶೆಲ್ ಸ್ಕ್ರಿಪ್ಟ್ (ಸಾಲಾಗಿ ಬರೆದಿಟ್ಟ ಆಜ್ಞೆಗಳ ಫೈಲು) ಶುರುವಾಗಿ, ಹತ್ತು ನಿಮಿಷಕ್ಕೊಮ್ಮೆ ಹರಾಜಿನ ಜಾಗದ ಕಂಪ್ಯೂಟರಿನಿಂದ ತೂಕ, ದರ ತಂದು ಬೋಟುವಾರು ಲೆಕ್ಕ ಬರೆಯುತ್ತದೆ. ಆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ನಸುಕಿಗೆ ಕರೆಂಟ್ ಬಂದಾಗ ಸರ್ವರ್ ತಾನಾಗಿಯೇ ಎದ್ದಿತು. ಸ್ಕ್ರಿಪ್ಟ್ ಮಾತ್ರ ಏಳಲಿಲ್ಲ. ಹೊರಗೆ ಬಂಗುಡೆಯ ಬುಟ್ಟಿಗಳು ಇಳಿಯುತ್ತಿವೆ, ಪರದೆಯ ಮೇಲೆ ನಿನ್ನೆಯ ಲೆಕ್ಕ! ಲಾಗ್ ತೆಗೆದರೆ ಒಂದೇ ಸಾಲು: ‘ಈಗಾಗಲೇ ಓಡುತ್ತಿದೆ’.

ಓಡುತ್ತಿರಲಿಲ್ಲ. ಒಂದೇ ಹೊತ್ತಿಗೆ ಎರಡು ಸಲ ಓಡದಿರಲೆಂದು ಸ್ಕ್ರಿಪ್ಟ್ ತನ್ನ ಪ್ರೋಸೆಸ್ ನಂಬರನ್ನು (ಓಡುವ ಪ್ರತಿ ಪ್ರೋಗ್ರಾಮಿಗೆ ಸಿಸ್ಟಮ್ ಕೊಡುವ ನಂಬರು) /ವಾರ್/ಟಿಎಂಪಿ ಒಳಗಿನ ಲಾಕ್ ಫೈಲಿನಲ್ಲಿ ಬರೆದಿಡುತ್ತಿತ್ತು. ರೀಬೂಟ್ ಆದರೂ ಉಳಿಯಬೇಕಾದ ಫೈಲುಗಳಿಗೆಂದೇ ಇರುವ ಜಾಗ ಅದು. ಒಳಗೆ 812 ಎಂದಿತ್ತು. ಹೊಸ ಬೂಟಿನಲ್ಲಿ 812 ಪ್ರಿಂಟರ್ ಸರ್ವಿಸಿಗೆ ಸಿಕ್ಕಿತ್ತು. ಸ್ಕ್ರಿಪ್ಟ್ ಶುರುವಿನಲ್ಲಿ ಆ ನಂಬರನ್ನು ‘ಕಿಲ್ -0’ ಆಜ್ಞೆಯಿಂದ ಪರೀಕ್ಷಿಸುತ್ತದೆ. ಅದು ಯಾವ ಸಿಗ್ನಲನ್ನೂ ಕಳಿಸುವುದಿಲ್ಲ, ಆ ನಂಬರಿನ ಪ್ರೋಸೆಸ್ ಇದೆಯೇ ಎಂದಷ್ಟೇ ನೋಡುತ್ತದೆ. ಇದೆ ಎಂದಿತು, ಸ್ಕ್ರಿಪ್ಟ್ ಹಿಂದೆ ಸರಿಯಿತು. ಬೂಟ್ ಹೊತ್ತಿಗೆ ಏಳುವ ಸ್ಕ್ರಿಪ್ಟಿಗೆ ಈ ಅಪಾಯ ಹೆಚ್ಚು, ಏಕೆಂದರೆ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಚಿಕ್ಕ ನಂಬರುಗಳೇ ಹಂಚಿಕೆಯಾಗುತ್ತವೆ.

ಸ್ಕ್ರಿಪ್ಟ್ ಮುಗಿಯುವಾಗ ತಾನಾಗಿ ಓಡಿ ಈ ಫೈಲು ಅಳಿಸುವ ‘ಟ್ರ್ಯಾಪ್’ ಆಜ್ಞೆ ಹಾಕಿದ್ದೆವಲ್ಲ ಎಂದು ಸಹೋದ್ಯೋಗಿ ಕೇಳಿದರು. ಹಾಕಿದ್ದೆವು, ನಿಜ. ಆದರೆ ಕರೆಂಟ್ ಹೋದರೆ ಟ್ರ್ಯಾಪ್ ಓಡುವುದಿಲ್ಲ, ಪ್ರೋಸೆಸ್ಸನ್ನು ಬಲವಂತವಾಗಿ ನಿಲ್ಲಿಸುವ ‘ಕಿಲ್ -9’ಗೂ ಓಡುವುದಿಲ್ಲ. ಕರಾವಳಿಯ ಮಳೆಗಾಲದಲ್ಲಿ ಟ್ರ್ಯಾಪ್ ಒಂದನ್ನೇ ನೆಚ್ಚಿಕೊಂಡು ಕೂರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಲಾಕ್ ಫೈಲು /ರನ್ ಒಳಗಿದೆ. ಅದು ಮೆಮೊರಿಯಲ್ಲಿರುವುದರಿಂದ ಪ್ರತಿ ಬೂಟಿಗೂ ಖಾಲಿಯಾಗಿಯೇ ಶುರುವಾಗುತ್ತದೆ. ನಂಬರ್ ಬರೆಯುವುದನ್ನು ಬಿಟ್ಟು, ತೆರೆದ ಫೈಲಿಗೆ ಬೀಗ ಹಾಕುವ ‘ಎಫ್‌ಲಾಕ್’ ಹಿಡಿದಿದ್ದೇವೆ. ಪ್ರೋಸೆಸ್ ಹೇಗೇ ಸಾಯಲಿ, ಲಾಕನ್ನು ಕರ್ನೆಲ್ಲೇ (ಲಿನಕ್ಸಿನ ತಿರುಳು) ಬಿಡಿಸುತ್ತದೆ. ಫೈಲು ಅಲ್ಲೇ ಬಿದ್ದಿದ್ದರೂ ತೊಂದರೆಯಿಲ್ಲ. ಇದರಲ್ಲೂ ಒಂದು ಸಿಕ್ಕು ಎದುರಾಯಿತು. ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಎಬ್ಬಿಸಿದ ಮರಿ ಪ್ರೋಸೆಸ್ಸಿಗೂ ಆ ತೆರೆದ ಫೈಲು ಬಳುವಳಿಯಾಗಿ ಹೋಗುತ್ತದೆ. ತಾಯಿ ಸತ್ತರೂ ಮರಿ ಲಾಕ್ ಹಿಡಿದುಕೊಂಡೇ ಇರುತ್ತದೆ. ಅದಕ್ಕೇ ಮರಿಯನ್ನು ಎಬ್ಬಿಸುವ ಸಾಲಿನಲ್ಲಿ ‘9>&-’ ಎಂದು ಸೇರಿಸಿ, ಲಾಕ್ ಫೈಲು ತೆರೆದಿರುವ 9ನೇ ಡಿಸ್ಕ್ರಿಪ್ಟರನ್ನು (ತೆರೆದ ಫೈಲಿನ ನಂಬರು) ಮರಿಯ ಪಾಲಿಗೆ ಅಲ್ಲೇ ಮುಚ್ಚಿದೆ.

ಲೆಕ್ಕದ ಫೈಲನ್ನೂ ನೇರವಾಗಿ ಬರೆಯುವುದಿಲ್ಲ. ‘ಎಂಕೆಟೆಂಪ್’ ಆಜ್ಞೆ ಕೊಡುವ, ಊಹಿಸಲಾಗದ ಹೆಸರಿನ, ಮಾಲೀಕನಿಗಷ್ಟೇ ಓದಲು ಬರೆಯಲು ಬರುವ ಫೈಲಿಗೆ ಮೊದಲು ಬರೆದು, ‘ಸಿಂಕ್’ ಮಾಡಿ (ಡಿಸ್ಕಿಗೆ ಇಳಿಸಿ), ಆಮೇಲೆ ‘ಎಂವಿ’ಯಿಂದ ಅದಕ್ಕೆ ಲೆಕ್ಕದ ಫೈಲಿನ ಹೆಸರು ಕೊಡುತ್ತೇವೆ. ಆ ತಾತ್ಕಾಲಿಕ ಫೈಲು ಲೆಕ್ಕದ ಫೋಲ್ಡರಿನಲ್ಲೇ ಹುಟ್ಟಬೇಕು. ಅದು /ಟಿಎಂಪಿಯಲ್ಲಿ ಹುಟ್ಟಿ, /ಟಿಎಂಪಿ ಬೇರೆ ಫೈಲ್‌ಸಿಸ್ಟಮ್ ಆಗಿದ್ದರೆ ಎಂವಿ ಬರಿಯ ಹೆಸರು ಬದಲಿಸುವ ಕೆಲಸವಾಗಿ ಉಳಿಯದೆ ನಕಲು ಮಾಡಿ ಅಳಿಸುವ ಕೆಲಸವಾಗುತ್ತದೆ, ನಡುವೆ ಕರೆಂಟ್ ಹೋದರೆ ಅರ್ಧ ಲೆಕ್ಕವಷ್ಟೇ ಸಿಗುತ್ತದೆ.

ಒಂದು ಹಳೆಯ ಮೆಷಿನ್ನಿಗೆ ಇದನ್ನೆಲ್ಲ ಹಾಕಿ, ಸ್ಕ್ರಿಪ್ಟ್ ಬರೆಯುತ್ತಿರುವಾಗಲೇ ಗೋಡೆಯ ಪ್ಲಗ್ ಕಿತ್ತು ನೋಡಿದೆವು. ಮೂರನೆಯ ಸಲ ಕಿತ್ತು ಮತ್ತೆ ಆನ್ ಮಾಡಿದಾಗ ಫೋಲ್ಡರಿನಲ್ಲಿ ಅರ್ಧಕ್ಕೆ ನಿಂತ ಒಂದು ತಾತ್ಕಾಲಿಕ ಫೈಲಿತ್ತು. ಪಕ್ಕದಲ್ಲೇ ಲೆಕ್ಕದ ಫೈಲು, ಕೊನೆಯ ಸಾಲಿನವರೆಗೂ ಪೂರ್ತಿ. ಸ್ಕ್ರಿಪ್ಟ್ ಆಗಲೇ ಮುಂದಿನ ಸುತ್ತಿನ ತೂಕ ತರಲು ಹೊರಟಿತ್ತು.