ಊಟಿಯ ಉಗಿಬಂಡಿ ಬೇಕಾ? ಹಾಗಾದರೆ ಮೆಟ್ಟುಪಾಳ್ಯಂನಲ್ಲೇ ಹತ್ತಿ

ಎರಡು ವರ್ಷದ ಹಿಂದೆ ಊಟಿಗೆ ಹೋಗಿದ್ದಾಗ ಒಬ್ಬ ಏಜೆಂಟ್ ನಮಗೆ ‘ಟಾಯ್ ಟ್ರೈನ್’ ಟಿಕೆಟ್ ಮಾಡಿಸಿಕೊಟ್ಟಿದ್ದ. ಊಟಿಯಿಂದ ಕೂನೂರಿಗೆ. ಹಬೆ ಬಿಡುವ ಎಂಜಿನ್ ನೋಡ್ತೀನಿ ಅಂತ ಮಗ ಹಿಂದಿನ ರಾತ್ರಿ ನಿದ್ದೆಯನ್ನೇ ಮಾಡಿರಲಿಲ್ಲ. ಬೆಳಿಗ್ಗೆ ಪ್ಲಾಟ್‌ಫಾರ್ಮಿಗೆ ಬಂದದ್ದು ಡೀಸೆಲ್ ಎಂಜಿನ್. ‘ಅಮ್ಮಾ, ಹೊಗೆ ಎಲ್ಲಿ?’ ಅಂತ ಅವನು ಕೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಗ ಅವನಿಗೆ ಆರು ವರ್ಷ.

ಅದಕ್ಕೇ ಮೊದಲು ಇದನ್ನೇ ಹೇಳಿಬಿಡುತ್ತೇನೆ. ನೀಲಗಿರಿ ರೈಲಿಗೆ ಉಗಿ ಎಂಜಿನ್ ಇರುವುದು ಕೆಳಗಿನ ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ ಮಾತ್ರ. ಕೂನೂರಿನಲ್ಲಿ ಎಂಜಿನ್ ಬದಲಾಗುತ್ತದೆ. ಅಲ್ಲಿಂದ ಊಟಿಗೆ ಡೀಸೆಲ್. ಊಟಿ ಮತ್ತು ಕೂನೂರಿನ ನಡುವೆ ದಿನಕ್ಕೆ ಹಲವು ರೈಲುಗಳಿವೆ, ಟಿಕೆಟ್ಟೂ ಸುಲಭ. ಅದೂ ಚೆಂದದ ಪ್ರಯಾಣವೇ. ಆದರೆ ಮಕ್ಕಳಿಗೆ ಉಗಿಬಂಡಿ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದರೆ ಕೆಳಗಿನಿಂದ ಹತ್ತಲೇಬೇಕು. ಇಡೀ ಪ್ರವಾಸವನ್ನು ಆ 28 ಕಿಲೋಮೀಟರಿನ ಸುತ್ತಲೇ ಹೊಂದಿಸಿಕೊಳ್ಳಿ.

ಈ ಸಲ ನಾವು ಐದು ಜನ. ನಾನು, ಯಜಮಾನರು, ಎಂಟು ವರ್ಷದ ಮಗ, ಹನ್ನೆರಡರ ಮಗಳು, ಜೊತೆಗೆ ಎಪ್ಪತ್ತೆರಡು ವರ್ಷದ ಅತ್ತೆ. ಅತ್ತೆಯ ತವರು ಹಾಸನದ ಕಡೆ. ಅರಸೀಕೆರೆಯಿಂದ ಹಾಸನದ ಮೇಲೆ ಮೈಸೂರಿಗೆ ಮೀಟರ್ ಗೇಜ್ ಹಳಿ ಇದ್ದ ಕಾಲದಲ್ಲಿ ಕರಿ ಎಂಜಿನ್ನಿನ ರೈಲಿನಲ್ಲಿ ಓಡಾಡಿದವರು. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಇದ್ದಿಲ ಕಣ ಬೀಳುತ್ತಿತ್ತು, ಅವರ ಅಪ್ಪ ಪಂಚೆಯ ತುದಿಯಿಂದ ಒರೆಸುತ್ತಿದ್ದರು ಅಂತ ಯಾವಾಗಲೂ ಹೇಳುತ್ತಿರುತ್ತಾರೆ. ನಮ್ಮ ರಾಜ್ಯದಲ್ಲಿ ಆ ಹಳಿಗಳೆಲ್ಲ ಬ್ರಾಡ್ ಗೇಜ್ ಆಗಿಬಿಟ್ಟಿವೆ. ನೀಲಗಿರಿಯದ್ದು ಇವತ್ತಿಗೂ ಅದೇ ಒಂದು ಮೀಟರ್ ಅಗಲದ ಹಳಿ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಮಕ್ಕಳು ನೋಡಿದ್ದೆಲ್ಲ ನಿಂತ ಎಂಜಿನ್ನುಗಳೇ. ಬೆಂಕಿ ಹೊತ್ತಿದ, ಜೀವ ಇರುವ ಎಂಜಿನ್ ತೋರಿಸಬೇಕು ಅನ್ನೋದು ನನ್ನ ಆಸೆ.

ಟಿಕೆಟ್ ವಿಷಯ. ಕೆಳಗಿನಿಂದ ಮೇಲಕ್ಕೆ ದಿನಕ್ಕೆ ಒಂದೇ ಉಗಿ ರೈಲು, ಬೆಳಿಗ್ಗೆ 7.10ಕ್ಕೆ. ಡಬ್ಬಿಗಳೂ ಕಡಿಮೆ, ಸೀಟೂ ಕಡಿಮೆ. ಈಗ ರೈಲ್ವೆ ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಐಆರ್‌ಸಿಟಿಸಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಕೂತು ಮಾಡಿ. ಬೇಸಿಗೆ ರಜೆ, ದಸರಾ ರಜೆಗಾದರೆ ಮೊದಲ ದಿನವೇ ಮಾಡಿದರೆ ಒಳ್ಳೆಯದು. ಹೆಸರು ಹುಡುಕುವಾಗ ಊಟಿ ಅಂತ ಹೊಡೆದು ಸಿಗಲಿಲ್ಲ ಅಂದುಕೊಳ್ಳಬೇಡಿ. ಸ್ಟೇಷನ್ನಿನ ಹೆಸರು ಉದಕಮಂಡಲಂ. ಅಲ್ಲಿಗೆ ಹೋಗಿ ಕೌಂಟರಿನಲ್ಲಿ ತಗೊಂಡರಾಯಿತು ಅಂತ ಕುಟುಂಬ ಕಟ್ಟಿಕೊಂಡು ಮಾತ್ರ ಹೊರಡಬೇಡಿ. ಒಬ್ಬರಿಬ್ಬರಾದರೆ ಅದೃಷ್ಟ ನೋಡಬಹುದು. ಮಕ್ಕಳು, ವಯಸ್ಸಾದವರು ಇದ್ದರೆ ಬೇಡವೇ ಬೇಡ.

ನಾವು ಮೊದಲು ಬುಕ್ ಮಾಡಿದ್ದು ನವೆಂಬರಿಗೆ. ನಮ್ಮ ಕಡೆ ಮಳೆ ಮುಗಿದಿರುತ್ತದಲ್ವಾ ಅನ್ನೋ ಲೆಕ್ಕ. ಆದರೆ ನೀಲಗಿರಿಯ ಆ ಮಗ್ಗುಲಿಗೆ ಜೋರು ಮಳೆ ಬರುವುದೇ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹಿಂಗಾರಿನಲ್ಲಿ. ಕಲ್ಲು, ಮಣ್ಣು ಹಳಿ ಮೇಲೆ ಕುಸಿಯುತ್ತದೆ, ರೈಲು ನಿಲ್ಲುತ್ತದೆ. ನಮ್ಮದೂ ಹಾಗೇ ರದ್ದಾಯಿತು. ಹಣ ವಾಪಸ್ ಬಂತು, ಆದರೆ ರಜೆ ಹೋಯಿತು. ಎರಡನೇ ಸಲ ಫೆಬ್ರವರಿಗೆ ಮಾಡಿದೆವು. ಆಕಾಶ ತಿಳಿಯಾಗಿತ್ತು, ಚಳಿಯೂ ಹಿತವಾಗಿತ್ತು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹೋಗಿ ಅಂತ ನಾನು ಹೇಳುತ್ತೇನೆ. ಯಾವ ತಿಂಗಳಾದರೂ ಸರಿ, ಹಿಂದಿನ ಸಂಜೆ ರೈಲು ಓಡುತ್ತದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಸಮಯವನ್ನೂ ಆಗಲೇ ನೋಡಿಕೊಳ್ಳಿ.

ಹಿಂದಿನ ರಾತ್ರಿ ಮೆಟ್ಟುಪಾಳ್ಯಂನಲ್ಲೇ ಉಳಿಯಿರಿ. ಬೆಂಗಳೂರಿನಿಂದ ಕೊಯಮತ್ತೂರಿಗೆ ರೈಲು, ಬಸ್ಸು ಬೇಕಾದಷ್ಟಿವೆ. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂಗೆ ಸುಮಾರು 35 ಕಿಲೋಮೀಟರ್. ಕೊಯಮತ್ತೂರಿನಲ್ಲಿ ಉಳಿದು ಬೆಳಗಿನ ಜಾವ ಹೊರಡೋಣ ಅಂತ ಯಜಮಾನರು ಅಂದರು. ನಾನು ಒಪ್ಪಲಿಲ್ಲ. ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಿ, ಅತ್ತೆಗೆ ಸ್ನಾನ ಮಾಡಿಸಿ ಕಾರು ಹತ್ತಿಸುವ ಕಷ್ಟ ಯಾರಿಗೆ ಬೇಕು? ಸ್ಟೇಷನ್ ಹತ್ತಿರ ಸಾಧಾರಣ ಲಾಡ್ಜ್‌ಗಳಿವೆ. ಒಂದು ರಾತ್ರಿಗೆ ಸಾಕು.

ಬೆಳಿಗ್ಗೆ ಆರೂವರೆಗೆ ಸ್ಟೇಷನ್ ಸೇರಿಬಿಡಿ. ಎಂಜಿನ್ ಬಂದು ಡಬ್ಬಿಗೆ ಸೇರಿಕೊಳ್ಳುವುದನ್ನು ಹತ್ತಿರದಿಂದ ನೋಡಲು ಸಿಗುವ ಸಮಯ ಅದೇ. ನಮ್ಮ ಎಂಜಿನ್ ಎಣ್ಣೆಯಲ್ಲಿ ಉರಿಯುವಂಥದ್ದು. ಮಗ ಒಂದು ಪ್ರಶ್ನೆ ಕೇಳಿದ. ‘ಎಂಜಿನ್ ಯಾಕೆ ಹಿಂದಗಡೆ ಇದೆ?’ ಒಳ್ಳೆಯ ಪ್ರಶ್ನೆ. ಈ ಘಟ್ಟದಲ್ಲಿ ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ. ಹತ್ತುವಾಗ ಹಿಂದಿನಿಂದ ನೂಕುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. ಡಬ್ಬಿ ಜಾರಿ ಕೆಳಗೆ ಹೋಗಬಾರದಲ್ಲ. ಹಾಗಾಗಿ ಎಲ್ಲಕ್ಕಿಂತ ಮುಂದಿನ ಡಬ್ಬಿಯಲ್ಲಿ ಕೂತವರಿಗೆ ಎದುರಿನ ಹಳಿಯೇ ಕಾಣುತ್ತದೆ. ಫಸ್ಟ್ ಕ್ಲಾಸ್ ಇರುವುದು ಅಲ್ಲಿ. ನಮಗೆ ಸಿಕ್ಕಿದ್ದು ಸೆಕೆಂಡ್ ಕ್ಲಾಸ್, ಎಂಜಿನ್ನಿಗೆ ಹತ್ತಿರ. ನೋಟ ಬೇಕಾದವರಿಗೆ ಮುಂದಿನದು, ಸದ್ದು ಬೇಕಾದವರಿಗೆ ಹಿಂದಿನದು. ಅತ್ತೆ ಆ ಸದ್ದಿಗೇ ಸೋತುಹೋದರು. ಸೀಟು ಬದಲಾಯಿಸೋಣವಾ ಅಂತ ಕೇಳಿದರೆ ಬೇಡ ಅಂದರು.

ಹೊರಟ ಸ್ವಲ್ಪ ಹೊತ್ತಿಗೆ ಭವಾನಿ ನದಿ ದಾಟುತ್ತದೆ. ಆಮೇಲೆ ಅಡಿಕೆ ತೋಟಗಳು. ಮಲೆನಾಡಿಗೆ ಬಂದೆವೇನೋ ಅನ್ನಿಸಿತು. ಸುಮಾರು ಎಂಟು ಕಿಲೋಮೀಟರ್ ಆದ ಮೇಲೆ ಕಲ್ಲಾರ್. ಇಲ್ಲಿ ಮಕ್ಕಳಿಗೆ ಹಳಿ ನೋಡಲು ಹೇಳಿ. ಎರಡು ಹಳಿಗಳ ನಡುವೆ ಇನ್ನೊಂದು ಜೋಡಿ ಶುರುವಾಗುತ್ತದೆ, ಗರಗಸದಂತೆ ಹಲ್ಲು ಇರುವ ಪಟ್ಟಿಗಳು. ಎಂಜಿನ್ನಿನ ಹೊಟ್ಟೆಯ ಕೆಳಗೆ ಹಲ್ಲಿನ ಚಕ್ರಗಳಿವೆ. ಅವು ಈ ಹಲ್ಲಿಗೆ ಕಚ್ಚಿಕೊಂಡು ಬಂಡಿಯನ್ನು ಮೇಲಕ್ಕೆ ಒಯ್ಯುತ್ತವೆ. ಎರಡು ಪಟ್ಟಿಗಳ ಹಲ್ಲುಗಳು ಒಂದಕ್ಕೊಂದು ಸರಿಸಮ ಇಲ್ಲ, ಬೇಕಂತಲೇ ಹಿಂದೆ ಮುಂದೆ ಇಟ್ಟಿದ್ದಾರೆ. ಒಂದು ಹಲ್ಲು ಬಿಡುವಾಗ ಇನ್ನೊಂದು ಹಿಡಿದಿರುತ್ತದೆ. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಎಂಬ ಎಂಜಿನಿಯರ್ ಕಂಡುಹಿಡಿದ ಪದ್ಧತಿ ಇದು. ‘ಎಕ್ಸ್ ಕ್ಲಾಸ್’ ಎಂಬ ಈ ಬಗೆಯ ಎಂಜಿನ್ನುಗಳು ಮೊದಲು ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಿಂದ. ಈಚಿನ ಕೆಲವನ್ನು ತಿರುಚ್ಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ನಮ್ಮವರೇ ಕಟ್ಟಿದ್ದಾರೆ.

ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದು ಅಂದರೆ, ಕೆಲವು ಕಡೆ ಹನ್ನೆರಡು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿ ಮೇಲೇರುತ್ತದೆ. ಸಾಮಾನ್ಯ ರೈಲಿನ ಚಕ್ರ ಇಲ್ಲಿ ಸುಮ್ನೆ ಜಾರುತ್ತದೆ. ಎಂಜಿನ್ನಿನ ಸದ್ದೂ ಇಲ್ಲಿಂದ ಬದಲಾಗುತ್ತದೆ. ಸಮತಟ್ಟಿನಲ್ಲಿ ಎರಡೇ ಸಿಲಿಂಡರ್ ಕೆಲಸ ಮಾಡುತ್ತವೆ. ಹಲ್ಲಿನ ಹಳಿ ಬಂದ ಮೇಲೆ, ಅದೇ ಉಗಿಯನ್ನು ಇನ್ನೆರಡು ಸಿಲಿಂಡರಿಗೆ ಬಿಡುತ್ತಾರೆ. ಅವು ಹಲ್ಲಿನ ಚಕ್ರವನ್ನು ತಿರುಗಿಸುತ್ತವೆ. ಒಂದು ಉಸಿರು ಇದ್ದದ್ದು ಎರಡಾಗುತ್ತದೆ. ಕಣ್ಣು ಮುಚ್ಚಿ ಕೂತಿದ್ದ ಅತ್ತೆ, ‘ಈಗ ಹತ್ತೋಕೆ ಶುರು ಮಾಡಿತು ನೋಡು’ ಅಂದರು. ಯಾರೂ ಅವರಿಗೆ ಹೇಳಿರಲಿಲ್ಲ.

ವೇಗ ತುಂಬಾ ಕಡಿಮೆ. ಆ 28 ಕಿಲೋಮೀಟರಿಗೆ ಮೂರು ಗಂಟೆಗೂ ಜಾಸ್ತಿ. ಮಕ್ಕಳಿಗೆ ಬೇಜಾರಾಗಬಹುದು ಅಂತ ನನಗೆ ಭಯ ಇತ್ತು. ಆಗಲಿಲ್ಲ. ಸುರಂಗ ಬಂದಾಗಲೆಲ್ಲ ಇಡೀ ರೈಲಿನ ಮಕ್ಕಳು ಒಟ್ಟಿಗೆ ಕೂಗುತ್ತಾರೆ. ದಾರಿಯಲ್ಲಿ ಒಟ್ಟು 16 ಸುರಂಗ, 250 ಸೇತುವೆ. ಮಗಳು ಸುರಂಗ ಲೆಕ್ಕ ಹಾಕುತ್ತಾ ಕೂತಳು. ಸೇತುವೆ ಮೇಲೆ ಕಿಟಕಿಯಿಂದ ಬಗ್ಗಿದರೆ ಕಂದರ ನೇರ ಕೆಳಗೆ ಕಾಣುತ್ತದೆ. ಚಿಕ್ಕ ಮಕ್ಕಳನ್ನು ಕಿಟಕಿಯ ಪಕ್ಕ ಒಂಟಿಯಾಗಿ ಬಿಡಬೇಡಿ, ಕೈ ಹೊರಗೆ ಹಾಕಲು ಬಿಡಲೇಬೇಡಿ. ಬಂಡೆ ಅಷ್ಟು ಹತ್ತಿರ ಬರುತ್ತದೆ.

ಈಗ ಅಮ್ಮಂದಿರಿಗೆ ಮುಖ್ಯವಾದ ಮಾತು. ರೈಲಿನಲ್ಲಿ ಶೌಚಾಲಯ ಇಲ್ಲ. ಮೆಟ್ಟುಪಾಳ್ಯಂನಲ್ಲೇ ಎಲ್ಲರನ್ನೂ ಹೋಗಿಬರುವಂತೆ ಮಾಡಿ. ಎಂಜಿನ್ನಿಗೆ ನೀರು ತುಂಬಿಸಲು ದಾರಿಯಲ್ಲಿ ರೈಲು ನಿಲ್ಲುತ್ತದೆ. ಅದರಲ್ಲಿ ಹಿಲ್‌ಗ್ರೋವ್ ಎಂಬ ಸ್ಟೇಷನ್ನಿನಲ್ಲಿ ಇಳಿಯಬಹುದು, ಚಹಾ, ತಿಂಡಿ ಸಿಗುತ್ತದೆ, ಶೌಚಾಲಯವೂ ಇದೆ. ಇಳಿದ ತಕ್ಷಣ ಮೊದಲು ಅಲ್ಲಿಗೆ ಹೋಗಿ, ಫೋಟೋ ಆಮೇಲೆ. ಡಬ್ಬಿಯ ಮೆಟ್ಟಿಲು ಎತ್ತರ. ಮಂಡಿ ನೋವಿರುವ ಅತ್ತೆಯನ್ನು ಇಳಿಸಲು ಇಬ್ಬರು ಬೇಕಾಯಿತು. ಕೋತಿಗಳ ಕಾಟವೂ ಇದೆ. ನಮ್ಮ ಚಪಾತಿ ಡಬ್ಬಿ ತೆಗೆದದ್ದೇ ತಡ, ಒಂದು ಸುರುಳಿ ಹೋಗಿಯೇ ಬಿಟ್ಟಿತು. ತಿಂಡಿಯನ್ನು ರೈಲು ಓಡುವಾಗ ತಿನ್ನಿ, ನಿಂತಾಗ ಬೇಡ. ದೊಡ್ಡ ಸೂಟ್‌ಕೇಸ್ ತರಲೇಬೇಡಿ. ಡಬ್ಬಿ ಪುಟ್ಟದು, ಇಡಲು ಜಾಗ ಇಲ್ಲ. ನಾವು ಬೆನ್ನಿಗೆ ಹಾಕುವ ಬ್ಯಾಗುಗಳನ್ನೇ ತಂದಿದ್ದೆವು, ಅದನ್ನೂ ತೊಡೆ ಮೇಲೆ ಇಟ್ಟುಕೊಳ್ಳಬೇಕಾಯಿತು. ಸ್ವೆಟರ್ ಮಾತ್ರ ಕೈಗೆ ಸಿಗುವಂತೆ ಇರಲಿ. ಕೆಳಗೆ ಬೆವರುತ್ತಾ ಹತ್ತಿದವರು ಮೇಲೆ ನಡುಗುತ್ತೀರಿ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ ಇದೆ. ಮನೆಯಿಂದಲೇ ಸ್ಟೀಲ್ ಬಾಟಲಿ ತನ್ನಿ.

ಇನ್ನೊಂದು ಕೆಲಸ ಮಕ್ಕಳಿಂದ ಮಾಡಿಸಿ. ಡಬ್ಬಿಗಳ ತುದಿಯಲ್ಲಿ ಹೊರಗೆ ನಿಂತಿರುವ ಬ್ರೇಕ್ಸ್‌ಮನ್‌ಗಳನ್ನು ತೋರಿಸಿ. ಬಿಸಿಲು, ಮಳೆ, ಸುರಂಗದ ಹೊಗೆ ಎಲ್ಲದರಲ್ಲೂ ಅವರು ನಿಂತೇ ಇರುತ್ತಾರೆ. ಎಂಜಿನ್ನಿನ ಸೀಟಿ ಕೇಳಿ ಕೈಯಿಂದ ಬ್ರೇಕ್ ಹಾಕುತ್ತಾರೆ. ಈ ಹಳಿಯ ಕೆಲಸ ಶುರುವಾದದ್ದು 1891ರಲ್ಲಿ, ಕೂನೂರಿಗೆ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇದನ್ನು ದಿನಾ ಓಡಿಸುತ್ತಿರುವುದು ಇಂಥ ಕೈಗಳು. ಮಗ ಹಿಲ್‌ಗ್ರೋವ್‌ನಲ್ಲಿ ಒಬ್ಬರ ಹತ್ತಿರ ಹೋಗಿ ಕೈಕುಲುಕಿದ. ಅವರ ಅಂಗೈ ಕಲ್ಲಿನಂತಿತ್ತಂತೆ.

ಹತ್ತೂವರೆ ಹೊತ್ತಿಗೆ ಕೂನೂರು. ಉಗಿ ಎಂಜಿನ್ನಿಗೆ ಇಲ್ಲಿ ವಿದಾಯ ಹೇಳಬೇಕು. ಸ್ವಲ್ಪ ಹೊತ್ತು ನಿಲ್ಲುತ್ತದೆ, ಫೋಟೋಗೆ ಸಾಕಷ್ಟು ಸಮಯ ಇದೆ. ವಯಸ್ಸಾದವರಿಗೆ ಸಾಕೆನ್ನಿಸಿದರೆ ಇಲ್ಲೇ ಇಳಿದು ಸಿಮ್ಸ್ ಪಾರ್ಕ್ ನೋಡಿ, ಊಟಿಗೆ ಬಸ್ಸಿನಲ್ಲಿ ಹೋಗಬಹುದು. ನಮ್ಮ ಅತ್ತೆ ಇಳಿಯಲು ಒಪ್ಪಲಿಲ್ಲ.

ಮೇಲಿನ ದಾರಿ ಬೇರೆಯೇ ತರಹ. ವೆಲಿಂಗ್ಟನ್, ಅರುವಂಗಾಡು, ಕೇತ್ತಿ, ಲವ್‌ಡೇಲ್. ಚಹಾ ತೋಟ, ಕ್ಯಾರೆಟ್ ಹೊಲ, ನೀಲಗಿರಿ ಮರ. ಕೇತ್ತಿಯಲ್ಲಿ ಇಬ್ಬರು ಹೆಂಗಸರು ಹತ್ತಿದರು. ಅವರು ಮಾತಾಡುತ್ತಿದ್ದದ್ದು ಬಡಗ ಭಾಷೆ. ಅತ್ತೆ ಕಿವಿಗೊಟ್ಟು ಕೂತರು. ಅರ್ಧಕ್ಕರ್ಧ ನಮಗೆ ಅರ್ಥವಾಗುತ್ತಿತ್ತು! ಬಡಗ ಅಂದರೆ ಬಡಗಣ ದಿಕ್ಕು, ಅಂದರೆ ನಮ್ಮ ಮೈಸೂರು ಸೀಮೆಯ ಕಡೆಯಿಂದ ಬೆಟ್ಟ ಹತ್ತಿ ಬಂದವರು ಅನ್ನುವ ನಂಬಿಕೆ ಅವರಲ್ಲಿದೆ. ಅವರ ಕುಲದೇವತೆ ಹೆತ್ತೆ. ಆ ಹೆಸರಿಗೆ ನಮಗೆ ಅರ್ಥ ಹೇಳಿಕೊಡಬೇಕಾಗಿಲ್ಲ. ಅತ್ತೆ ಕನ್ನಡದಲ್ಲಿ, ಅವರು ಬಡಗದಲ್ಲಿ, ಊಟಿ ಬರುವವರೆಗೂ ಮಕ್ಕಳು ಮೊಮ್ಮಕ್ಕಳ ವಿಚಾರ ಮಾತಾಡಿದರು. ಕೇತ್ತಿಯ ಕಣಿವೆ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಸರಿಯಾಗಿ ನೋಡಲೇ ಇಲ್ಲ, ಇವರ ಮಾತೇ ಕೇಳುತ್ತಿದ್ದೆ.

ಊಟಿ ತಲುಪಿದಾಗ ಮಧ್ಯಾಹ್ನ ಹನ್ನೆರಡು. ಸ್ಟೇಷನ್ 2,200 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಹತ್ತಿದ್ದು 326 ಮೀಟರಿನಲ್ಲಿ. ಊರಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಬೇಕರಿಯಲ್ಲಿ ವರ್ಕಿ ಮಾತ್ರ ಮರೆಯದೆ ತಗೊಳ್ಳಿ, ಚಹಾದಲ್ಲಿ ಅದ್ದಿ ತಿನ್ನುವ ಗರಿಗರಿ ಪದರದ ತಿಂಡಿ. ವಾಪಸ್ ಮೆಟ್ಟುಪಾಳ್ಯಂಗೆ ಇಳಿಯುವ ರೈಲು ಊಟಿಯಿಂದ ಎರಡು ಗಂಟೆಗೆ, ಉಗಿ ಎಂಜಿನ್ ಸಿಗುವುದು ಕೂನೂರಿನಿಂದ. ಬೆಂಗಳೂರಿನವರು ಕೊಯಮತ್ತೂರಿನ ಮೇಲೆಯೇ ಹೋಗುವುದಾದರೆ ಅದೇ ಅನುಕೂಲ, ಆದರೆ ಎರಡೂ ಟಿಕೆಟ್ಟು ಒಟ್ಟಿಗೆ ಸಿಗುವುದು ಕಷ್ಟ. ಒಂದೇ ಆರಿಸಬೇಕಾದರೆ ಹತ್ತುವುದನ್ನು ಆರಿಸಿ. ಎಂಜಿನ್ನಿನ ಶಕ್ತಿ ಕಾಣುವುದು ಆಗಲೇ.

ಮೈಸೂರಿನ ಕಡೆಯವರಾದ ನಾವು ಬಸ್ಸಿಗೆ ಹೋದೆವು. ಊಟಿಯಿಂದ ಗೂಡಲೂರು, ಬಂಡೀಪುರ, ಗುಂಡ್ಲುಪೇಟೆ ಮೇಲೆ ನಮ್ಮ ಕೆಎಸ್ಆರ್‌ಟಿಸಿ ಬಸ್ಸುಗಳಿವೆ. ಸ್ವಂತ ಕಾರಿನಲ್ಲಿ ಊಟಿಗೆ ಬರುವವರು ಇ-ಪಾಸ್ ಮಾಡಿಸಿಕೊಳ್ಳಬೇಕು, 2024ರ ಮೇ ತಿಂಗಳಿಂದ ಅದು ಕಡ್ಡಾಯ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಬಿಡುವುದಿಲ್ಲ ಅನ್ನುವುದನ್ನೂ ನೆನಪಿಡಿ. ಊಟಿಯನ್ನು ಮೂರರೊಳಗೆ ಬಿಟ್ಟರೆ ಆತುರ ಇರುವುದಿಲ್ಲ. ನಾವು ಎರಡೂವರೆಗೆ ಹೊರಟೆವು. ಗೂಡಲೂರು ದಾಟುವಷ್ಟರಲ್ಲಿ ಮಕ್ಕಳಿಬ್ಬರೂ ನಿದ್ದೆ. ಅತ್ತೆ ಮಾತ್ರ ಎಚ್ಚರವಾಗಿದ್ದರು. ಶಾಲಿನ ಅಂಚಿನಲ್ಲಿ ಅಂಟಿದ್ದ ಮಸಿಯ ಒಂದು ಚುಕ್ಕಿಯನ್ನು ತೋರಿಸಿ, ‘ಇದನ್ನು ಒಗೆಯೋಕೆ ಹಾಕಬೇಡ ಕಣಮ್ಮ’ ಅಂದರು.