ಬ್ರೆಡ್ ಮಷೀನ್ ತಗೊಳ್ಳಲಾ, ಬೇಡವಾ?

"ಬ್ರೆಡ್ ಮಷೀನ್ ತಗೊಂಡರೆ ನಿಜವಾಗಿಯೂ ಬಳಕೆ ಆಗುತ್ತದಾ, ಇಲ್ಲ ನಾಲ್ಕು ದಿನ ಆಸೆಯಿಂದ ಬ್ರೆಡ್ ಮಾಡಿ ಆಮೇಲೆ ಅಟ್ಟ ಸೇರುತ್ತದಾ?" ನಾನು ಮನೆಯಲ್ಲೇ ಬ್ರೆಡ್ ಮಾಡುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ "ಯಾವುದು ತಗೊಳ್ಳಲಿ?" ಎಂಬುದೂ ಬರುತ್ತದೆ. ಅದಕ್ಕೆ ಉತ್ತರ ಸುಲಭ, ಕೊನೆಗೆ ಹೇಳುತ್ತೇನೆ. ಮೊದಲನೆಯದಕ್ಕೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ವಾರಕ್ಕೆ ಎರಡು ಬ್ರೆಡ್ಡಾದರೂ ನಿಮ್ಮ ಮನೆಯಲ್ಲಿ ಖರ್ಚಾಗುತ್ತದಾ? ಅಡುಗೆಮನೆಯ ಕಟ್ಟೆಯ ಮೇಲೆ ಅದಕ್ಕೊಂದು ಕಾಯಂ ಜಾಗ ಇದೆಯಾ?

ಎರಡನೇ ಪ್ರಶ್ನೆ ಕೇಳಿ ಕೆಲವರು ನಗುತ್ತಾರೆ. ಆದರೆ ಅಸಲು ವಿಷಯ ಇರುವುದೇ ಅಲ್ಲಿ. ಈ ಮಷೀನುಗಳು ಐದಾರು ಕಿಲೋ ತೂಗುತ್ತವೆ. ಪ್ರತಿ ಸಲ ಕಪಾಟಿನಿಂದ ಎತ್ತಿ ಇಳಿಸಿ, ಮಾಡಿ ಮುಗಿಸಿ ಮತ್ತೆ ಒಳಗೆ ತಳ್ಳಬೇಕು ಅಂದರೆ ಎರಡನೇ ತಿಂಗಳಿಗೆ ಯಾರಿಗೂ ಉಮೇದು ಉಳಿಯುವುದಿಲ್ಲ. ಕಣ್ಣೆದುರು, ಪ್ಲಗ್ ಪಕ್ಕದಲ್ಲೇ ಇದ್ದರೆ ರಾತ್ರಿ ಮಲಗುವ ಮುಂಚೆ ಹಿಟ್ಟು ಹಾಕಿ ಬಟನ್ ಒತ್ತುವುದು ಐದು ನಿಮಿಷದ ಕೆಲಸ. ಎರಡಕ್ಕೂ ಹೌದು ಅಂದರೆ ಧಾರಾಳವಾಗಿ ತಗೊಳ್ಳಿ. ಒಂದಕ್ಕಾದರೂ ಇಲ್ಲ ಅಂದರೆ ಬೇಡ, ಕೈಯಲ್ಲೇ ನಾದಿ ಓವನ್ನಿನಲ್ಲಿ ಬೇಯಿಸಿ, ಅದೂ ಚೆನ್ನಾಗಿಯೇ ಬರುತ್ತದೆ.

ದುಡ್ಡು ಉಳಿಸಲು ತಗೊಳ್ಳುತ್ತೇನೆ ಎನ್ನುವವರಿಗೆ ಮಾತ್ರ ನಾನು ಹೂಂ ಅನ್ನುವುದಿಲ್ಲ. ಹಿಟ್ಟು, ಯೀಸ್ಟ್ ದುಬಾರಿಯೇನಲ್ಲ, ನಿಜ. ಆದರೆ ಮಷೀನಿನ ದುಡ್ಡು ಹುಟ್ಟಲು ಬಹಳ ಕಾಲ ಬೇಕು, ಅಷ್ಟರಲ್ಲಿ ನೀವು ಒಳ್ಳೆ ಬೆಣ್ಣೆ, ಬೀಜಗಳು ಅಂತ ಅದಕ್ಕೆ ಇನ್ನಷ್ಟು ಸುರಿದಿರುತ್ತೀರಿ.

ಸರಿ, ಈ ಮಷೀನ್ ಮಾಡುವುದೇನು? ಒಳಗೆ ನೋಡಿದರೆ ಹೆಚ್ಚೇನೂ ಇಲ್ಲ. ಬಕೆಟಿನಂಥ ಒಂದು ಪ್ಯಾನು, ಅದರ ತಳದಲ್ಲಿ ನಾದುವ ಬ್ಲೇಡು, ಕೆಳಗೆ ಅದನ್ನು ತಿರುಗಿಸುವ ಮೋಟರು, ಪ್ಯಾನಿನ ಸುತ್ತ ಕಾಯುವ ಹೀಟರು, ಬಿಸಿ ಎಷ್ಟಿದೆ ಅಂತ ನೋಡುವ ಸೆನ್ಸರು, ಮತ್ತೆ ಒಂದು ಗಡಿಯಾರ. ಪ್ಯಾನಿನ ಒಳಗೋಡೆ ಮುಟ್ಟಿ ನೋಡಿ, ಹಲವು ಮಾಡೆಲ್‌ಗಳಲ್ಲಿ ಉದ್ದುದ್ದ ಉಬ್ಬುಗೆರೆ ಇರುತ್ತದೆ. ಅದು ಅಲಂಕಾರಕ್ಕಲ್ಲ. 1980ರ ದಶಕದಲ್ಲಿ ಜಪಾನಿನ ಮತ್ಸುಶಿತಾ ಕಂಪನಿ, ಅಂದರೆ ಈಗಿನ ಪ್ಯಾನಸೋನಿಕ್, ಮನೆಬಳಕೆಯ ಬ್ರೆಡ್ ಮಷೀನ್ ಮಾಡಲು ಹೊರಟಾಗ ಹಿಟ್ಟು ಎಷ್ಟು ನಾದಿದರೂ ಹದಕ್ಕೆ ಬರುತ್ತಿರಲಿಲ್ಲವಂತೆ. ಇಕುಕೋ ತನಾಕಾ ಎಂಬ ಸಾಫ್ಟ್‌ವೇರ್ ಉದ್ಯೋಗಿ ಒಸಾಕಾದ ಒಂದು ಹೋಟೆಲ್ಲಿನ ಮುಖ್ಯ ಬೇಕರ್ ಹತ್ತಿರ ಹೋಗಿ ಕೆಲಸ ಕಲಿತರು. ಆತ ಹಿಟ್ಟನ್ನು ಸುಮ್ನೆ ತಿರುವುತ್ತಿರಲಿಲ್ಲ, ಎಳೆದು ತಿರುಚುತ್ತಿದ್ದ. ಆ ತಿರುಚುವಿಕೆ ಮಷೀನಿನಲ್ಲೂ ಬರಲಿ ಎಂದೇ ಪ್ಯಾನಿನ ಒಳಗೆ ಆ ಗೆರೆಗಳು ಬಂದವು. ಬ್ಲೇಡು ತಿರುಗುವಾಗ ಹಿಟ್ಟು ಗೆರೆಗೆ ಸಿಕ್ಕಿ ಒಂದು ಕ್ಷಣ ನಿಲ್ಲುತ್ತದೆ, ಎಳೆಯಲ್ಪಡುತ್ತದೆ, ಮತ್ತೆ ಉರುಳುತ್ತದೆ.

ಅಂದರೆ ಕೈ ಮಾಡುವ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ. ತೊಂದರೆ ಇರುವುದು ಗಡಿಯಾರದಲ್ಲಿ. ಸಾಮಾನ್ಯ ಪ್ರೋಗ್ರಾಂ 3ರಿಂದ 4 ಗಂಟೆಯದು. ಇಷ್ಟು ನಿಮಿಷ ನಾದು, ಇಷ್ಟು ಹೊತ್ತು ಉಬ್ಬಲು ಬಿಡು, ಆಮೇಲೆ ಸುಮಾರು ಒಂದು ಗಂಟೆ ಬೇಯಿಸು, ಹೀಗೆ. ಹಿಟ್ಟು ಉಬ್ಬಿದೆಯಾ ಇಲ್ಲವಾ ಅಂತ ಹೆಚ್ಚಿನ ಮಷೀನುಗಳು ನೋಡುವುದಿಲ್ಲ, ಹೊತ್ತಾಯಿತಾ ಅಂತ ಮಾತ್ರ ನೋಡುತ್ತವೆ. ಯೀಸ್ಟಿಗೆ ಗಡಿಯಾರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಬಿಸಿ ಮತ್ತು ನೀರು. ಈ ಎರಡರ ನಡುವಿನ ಜಗಳವೇ ನೀವು ಕೇಳುವ ಮುಕ್ಕಾಲು ಪಾಲು ತೊಂದರೆಗಳ ಮೂಲ. ಬಿಸಿಲು ಕಾಲದಲ್ಲಿ ಹಿಟ್ಟು ಬೇಗ ಉಬ್ಬಿ, ಬೇಯುವ ಹೊತ್ತಿಗೆ ಸುಸ್ತಾಗಿ ನಡುವೆ ಕುಸಿಯುತ್ತದೆ. ಚಳಿಯಲ್ಲಿ ಅರ್ಧ ಉಬ್ಬುವಷ್ಟರಲ್ಲಿ ಹೀಟರ್ ಶುರುವಾಗಿ ಗಟ್ಟಿ ಬ್ರೆಡ್ ಕೈಗೆ ಬರುತ್ತದೆ. ಮಷೀನ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರೂ ಇದ್ದಾರೆ, ಪಾಪ ಅದು ಹೇಳಿದಷ್ಟು ಮಾಡಿದೆ.

ಪರಿಹಾರ ದೊಡ್ಡದೇನಲ್ಲ. ಸೆಖೆ ಇದ್ದರೆ ಫ್ರಿಜ್ಜಿನ ತಣ್ಣೀರು ಹಾಕಿ, ಯೀಸ್ಟ್ ಕಾಲು ಭಾಗ ಕಡಿಮೆ ಮಾಡಿ. ಚಳಿ ಇದ್ದರೆ ಉಗುರು ಬೆಚ್ಚಗಿನ ನೀರು. ನಾದಿ ಮುಗಿದಾಗ ಹಿಟ್ಟು 26-27 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಯೀಸ್ಟ್ ಪ್ರೋಗ್ರಾಂ ಹೇಳಿದ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುತ್ತದೆ. ಬಿಸಿ ನೀರು ಮಾತ್ರ ಬೇಡ, 60 ಡಿಗ್ರಿಯ ಹತ್ತಿರ ಯೀಸ್ಟ್ ಸತ್ತೇ ಹೋಗುತ್ತದೆ.

ಅಳತೆ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಮಷೀನಿನ ಜೊತೆ ಕೊಡುವ ಕಪ್ಪನ್ನು ನೀರಿಗೆ ಮಾತ್ರ ಬಳಸಿ, ಹಿಟ್ಟಿಗೆ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಒಂದು ಕಪ್ ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಡಬ್ಬಿಯೊಳಗೆ ಅದ್ದಿ ಒತ್ತಿ ತೆಗೆದರೆ 150 ಗ್ರಾಂ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ! ನೀರು ಮಾತ್ರ ಅಷ್ಟೇ. ಆಮೇಲೆ ಒಂದು ದಿನ ಚೆನ್ನಾಗಿ ಬರುತ್ತದೆ, ಇನ್ನೊಂದು ದಿನ ಬರಲ್ಲ ಅಂದರೆ ಹೇಗೆ ಬರಬೇಕು ಹೇಳಿ.

ನಾನು ಎಲ್ಲರಿಗೂ ಕೊಡುವ ಮೊದಲ ಅಳತೆ ಇದು: ಮೈದಾ 400 ಗ್ರಾಂ, ನೀರು 260 ಮಿಲಿ, ಉಪ್ಪು 7 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಎಣ್ಣೆ ಇಲ್ಲವೇ ಬೆಣ್ಣೆ 20 ಗ್ರಾಂ, ಸಕ್ಕರೆ 10 ಗ್ರಾಂ. ಹಿಟ್ಟಿನ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟಿದೆ ನೋಡಿ. ನೂರು ಗ್ರಾಂಗೆ 11ರಿಂದ 13 ಇದ್ದರೆ ಬ್ರೆಡ್ಡಿಗೆ ಹೇಳಿ ಮಾಡಿಸಿದ ಹಿಟ್ಟು. ಒಂಬತ್ತರ ಹತ್ತಿರ ಇದ್ದರೆ ಅದು ಕೇಕಿಗೆ ಒಳ್ಳೆಯದು, ಬ್ರೆಡ್ಡಾಗಿ ಎತ್ತರಕ್ಕೆ ನಿಲ್ಲುವುದಿಲ್ಲ. ಉಪ್ಪು ಬಿಡಬೇಡಿ. ಅದು ರುಚಿಗಷ್ಟೇ ಅಲ್ಲ, ಯೀಸ್ಟಿನ ಓಟಕ್ಕೆ ಕಡಿವಾಣ ಹಾಕುವುದೂ ಅದೇ. ಉಪ್ಪಿಲ್ಲದ ಹಿಟ್ಟು ಸರ್ರನೆ ಮೇಲೆದ್ದು ಅಷ್ಟೇ ಬೇಗ ಕೂತುಬಿಡುತ್ತದೆ.

ಇನ್ನು ಪೂರ್ತಿ ಗೋಧಿ ಹಿಟ್ಟಿನದು. "ಮೈದಾ ಬೇಡ ಅಂತಲೇ ಮಷೀನ್ ತಗೊಂಡೆ, ಆದರೆ ಬ್ರೆಡ್ ಕಲ್ಲಾಗುತ್ತದೆ" ಎಂದು ಬಹಳ ಜನ ಹೇಳುತ್ತಾರೆ. ಗೋಧಿ ಹಿಟ್ಟಿನಲ್ಲಿ ತವುಡು ಇರುತ್ತದೆ. ಅದು ನೀರು ಜಾಸ್ತಿ ಕುಡಿಯುತ್ತದೆ, ನಿಧಾನವಾಗಿ ಕುಡಿಯುತ್ತದೆ, ಮೇಲಾಗಿ ಹಿಟ್ಟಿನೊಳಗೆ ಗಾಳಿ ಹಿಡಿದಿಡುವ ಗ್ಲುಟನ್ ಎಳೆಗಳಿಗೂ ಅಡ್ಡ ಬರುತ್ತದೆ. ಹಾಗಾಗಿ 400 ಗ್ರಾಂಗೆ 300 ಮಿಲಿ ನೀರಾದರೂ ಬೇಕಾಗಬಹುದು, ಗೋಧಿಗೆಂದೇ ಇರುವ ಉದ್ದದ ಪ್ರೋಗ್ರಾಂ ಬೇಕು. ಮೊದಲು ಅರ್ಧ ಮೈದಾ, ಅರ್ಧ ಗೋಧಿ ಮಾಡಿ. ಕೈಗೆ ಹದ ಸಿಕ್ಕ ಮೇಲೆ ಮೈದಾ ಕಡಿಮೆ ಮಾಡುತ್ತಾ ಹೋಗಿ. ಪೂರ್ತಿ ಗೋಧಿಯದು ಗಿಡ್ಡವಾಗಿಯೇ ಇರುತ್ತದೆ. ಅದರ ಗುಣವೇ ಹಾಗೆ, ಅದಕ್ಕೆ ಬೇಜಾರು ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವ ವಿಷಯ. ಬಟನ್ ಒತ್ತಿ ಹೋಗಿಬಿಡಬೇಡಿ. ನಾದಲು ಶುರುವಾಗಿ ಐದಾರು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ನಾದುವಾಗ ಮುಚ್ಚಳ ತೆಗೆದರೆ ಏನೂ ಆಗುವುದಿಲ್ಲ. ಉಬ್ಬುವಾಗ, ಬೇಯುವಾಗ ಮಾತ್ರ ತೆಗೆಯಬಾರದು. ನೀರು ಕಡಿಮೆ ಆಗಿದ್ದರೆ ನೋಡುವ ಮುಂಚೆ ಶಬ್ದದಲ್ಲೇ ತಿಳಿಯುತ್ತದೆ. ಮೋಟರ್ ಹೆಣಗಾಡುತ್ತದೆ, ಉಂಡೆ ಗೋಡೆಗೆ ದಡ್ ದಡ್ ಎಂದು ಬಡಿಯುತ್ತದೆ, ಮೂಲೆಯಲ್ಲಿ ಒಣ ಹಿಟ್ಟು ಹಾಗೇ ಕೂತಿರುತ್ತದೆ. ಒಂದೊಂದೇ ಚಮಚ ನೀರು ಹಾಕಿ, ಪ್ರತಿ ಚಮಚಕ್ಕೂ ಒಂದು ನಿಮಿಷ ಕಾಯಿರಿ. ನೀರು ಜಾಸ್ತಿ ಆಗಿದ್ದರೆ ಉಂಡೆಯೇ ಕಟ್ಟಿರುವುದಿಲ್ಲ, ತಳದಲ್ಲಿ ಅಂಟು ಬಳಿದುಕೊಂಡು ಪಚಪಚ ಅನ್ನುತ್ತಿರುತ್ತದೆ. ಆಗ ಚಮಚ ಹಿಟ್ಟು ಉದುರಿಸಿ. ಹದವಾದ ಹಿಟ್ಟು ನುಣ್ಣಗೆ ಒಂದೇ ಉಂಡೆಯಾಗಿ ಉರುಳುತ್ತದೆ, ಗೋಡೆಗಳು ತಾನಾಗಿಯೇ ಸ್ವಚ್ಛವಾಗಿರುತ್ತವೆ. ಬ್ಲೇಡ್ ನಿಂತ ಸಮಯ ನೋಡಿ ಬೆರಳಿಂದ ಒತ್ತಿದರೆ ಕಿವಿಯ ಹಾಲೆಯಷ್ಟು ಮೆತ್ತಗಿರುತ್ತದೆ, ಬೆರಳಿಗೆ ಸ್ವಲ್ಪ ಹಿಡಿದು ಬಿಟ್ಟುಬಿಡುತ್ತದೆ. ಇದೊಂದು ನೋಟ ನೋಡುವವರ ಮಷೀನ್ ಅಟ್ಟ ಸೇರಿದ್ದನ್ನು ನಾನು ಕಾಣೆ.

ಬ್ರೆಡ್ಡಿನ ತಳದಲ್ಲಿ ಬ್ಲೇಡಿನ ತೂತು ಬೀಳುತ್ತದಲ್ಲ, ಅದನ್ನು ಪೂರ್ತಿ ತಪ್ಪಿಸಲಾಗದು. ಕೊನೆಯ ಸಲ ತಿರುಗಿ ನಿಂತ ಕೂಡಲೇ ಕೈ ಒದ್ದೆ ಮಾಡಿಕೊಂಡು ಹಿಟ್ಟು ಎತ್ತಿ, ಬ್ಲೇಡ್ ಕಿತ್ತು, ಹಿಟ್ಟನ್ನು ವಾಪಸ್ ಇಟ್ಟರೆ ಸಣ್ಣ ಕಡ್ಡಿಯಷ್ಟು ತೂತು ಮಾತ್ರ ಉಳಿಯುತ್ತದೆ. ನನಗಂತೂ ಅಷ್ಟು ತಾಳ್ಮೆ ಇಲ್ಲ, ತೂತಿನ ಬ್ರೆಡ್ಡೇ ತಿನ್ನುತ್ತೇನೆ. ಆದರೆ ಚಾಕು ಹಾಕುವ ಮುಂಚೆ ಬ್ಲೇಡ್ ಒಳಗೇ ಉಳಿದಿದೆಯಾ ಅಂತ ತಿರುಗಿಸಿ ನೋಡಿ. ತೆಗೆಯಲು ಮರದ ಕಡ್ಡಿ ಸಾಕು, ಕಬ್ಬಿಣದ್ದು ತಾಗಿದರೆ ನಾನ್‌ಸ್ಟಿಕ್ ಪದರ ಎದ್ದುಬರುತ್ತದೆ.

ಬೆಳಗ್ಗೆಗೆ ಟೈಮರ್ ಇಡುವವರು ಹಾಲು, ಮೊಟ್ಟೆ ಹಾಕಬೇಡಿ, ರಾತ್ರಿಯೆಲ್ಲ ಹೊರಗೆ ಇದ್ದರೆ ಕೆಡುತ್ತವೆ. ಬದಲಿಗೆ ಹಾಲಿನ ಪುಡಿ ಹಾಕಬಹುದು. ಕೆಳಗೆ ನೀರು, ಮೇಲೆ ಹಿಟ್ಟು, ಹಿಟ್ಟಿನ ನೆತ್ತಿಯಲ್ಲಿ ಗುಳಿ ಮಾಡಿ ಒಣ ಯೀಸ್ಟ್. ಅದಕ್ಕೆ ನೀರು ತಾಗಿದರೆ ನೀವು ಮಲಗಿದ್ದಾಗಲೇ ಅದು ಕೆಲಸ ಶುರು ಮಾಡಿರುತ್ತದೆ. ಕೆಲವು ಮಷೀನುಗಳಲ್ಲಿ ಯೀಸ್ಟ್ ಮೊದಲು, ನೀರು ಕೊನೆಗೆ. ನಿಮ್ಮದರ ಪುಸ್ತಕ ಏನು ಹೇಳುತ್ತದೋ ಹಾಗೆ ಮಾಡಿ. ಬೆಂದ ಕೂಡಲೇ ಹೊರಗೆ ತೆಗೆಯಿರಿ. ಬೆಚ್ಚಗಿಡುವ ಮೋಡಿನಲ್ಲಿ ಬಿಟ್ಟರೆ ಹಬೆ ಹೋಗಲು ಜಾಗವಿಲ್ಲದೆ ಮೇಲಿನ ಪದರ ಮೆತ್ತಗಾಗುತ್ತದೆ. ಒಂದು ಗಂಟೆ ಆರಿದ ಮೇಲೇ ಕೊಯ್ಯಿರಿ. ಕಷ್ಟ, ಗೊತ್ತು, ಮನೆ ತುಂಬ ಆ ವಾಸನೆ ಇರುವಾಗ ಯಾರು ಕಾಯುತ್ತಾರೆ. ಆದರೆ ಬಿಸಿಯಲ್ಲಿ ಕೊಯ್ದರೆ ಒಳಗೆಲ್ಲ ಅಂಟಂಟು. ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಅಲ್ಲಿ ಹೊರಗಿಗಿಂತ ಬೇಗ ಒರಟಾಗುತ್ತದೆ. ಎರಡು ದಿನಕ್ಕೆ ಮುಗಿಯದಿದ್ದರೆ ಹೋಳು ಮಾಡಿ ಫ್ರೀಜರಿನಲ್ಲಿ ಇಟ್ಟು, ಬೇಕಾದಷ್ಟು ತೆಗೆದು ಟೋಸ್ಟ್ ಮಾಡಿ.

ಯಾವುದು ತಗೊಳ್ಳಲಿ? ಇಪ್ಪತ್ತು ಪ್ರೋಗ್ರಾಂ, ಇಪ್ಪತ್ತೈದು ಪ್ರೋಗ್ರಾಂ ಎಂದು ಡಬ್ಬದ ಮೇಲೆ ಬರೆದಿರುತ್ತಾರೆ, ಅದಕ್ಕೆ ಮರುಳಾಗಬೇಡಿ. ನೀವು ಬಳಸುವುದು ಮೂರು: ಸಾಮಾನ್ಯ, ಗೋಧಿ, ಮತ್ತು ಹಿಟ್ಟು ನಾದಿ ಉಬ್ಬಿಸಿ ಅಲ್ಲಿಗೇ ನಿಲ್ಲಿಸುವ ಪ್ರೋಗ್ರಾಂ. ಈ ಮೂರನೆಯದಕ್ಕೇ ಮಷೀನ್ ತಗೊಳ್ಳಬಹುದು ಎನ್ನುತ್ತೇನೆ ನಾನು. ಬನ್ನು, ಪಿಜ್ಜಾ ಏನು ಬೇಕೋ ಅದನ್ನು ತಟ್ಟಿಕೊಂಡು ಓವನ್ನಿನಲ್ಲಿ ಬೇಯಿಸಬಹುದು. ಗರಿಗರಿ ದಪ್ಪ ಹೊರಪದರ ಬೇಕೆನ್ನುವವರಿಗೂ ಇದೇ ದಾರಿ, ಅಷ್ಟು ಕಾವು ಮಷೀನಿನ ಒಳಗೆ ಏರುವುದಿಲ್ಲ. ಜ್ಯಾಮ್ ಮಾಡುವ ಪ್ರೋಗ್ರಾಂ ಯಾಕಿದೆಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಪ್ಯಾನು, ಬ್ಲೇಡು ಬಿಡಿಯಾಗಿ ಸಿಗುತ್ತವಾ ಅಂತ ಕೊಳ್ಳುವ ಮುಂಚೆಯೇ ವಿಚಾರಿಸಿ, ಮೊದಲು ಸವೆಯುವುದು ಅವೇ. ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಯುತ್ತದಾ, ಎಷ್ಟು ನಿಮಿಷದವರೆಗೆ, ಅದನ್ನೂ ಕೇಳಿ. ಇಡುವಾಗ ಕಟ್ಟೆಯ ಅಂಚಿನಿಂದ ದೂರ ಇಡಿ, ಗಟ್ಟಿ ಹಿಟ್ಟು ನಾದುವಾಗ ಇದು ನಡೆಯುತ್ತಾ ಬಂದು ಬಿದ್ದದ್ದೂ ಉಂಟು.

ಹೊಸದೇ ಬೇಕೆಂದಿಲ್ಲ. ಆಸೆಯಿಂದ ತಗೊಂಡು ಬಿಟ್ಟವರು ಬಹಳ ಜನ ಇರುವುದರಿಂದ ಒಳ್ಳೆ ಸ್ಥಿತಿಯ ಹಳೆಯ ಮಷೀನುಗಳು ಸಿಗುತ್ತವೆ. ನೋಡಲು ಹೋದಾಗ ಹೊರಮೈ ನೋಡಬೇಡಿ, ಪ್ಯಾನ್ ಕೇಳಿ. ನಾನ್‌ಸ್ಟಿಕ್ ಸಿಪ್ಪೆ ಎದ್ದಿದೆಯಾ, ತಳದ ತಿರುಗಣಿ ಕೈಯಲ್ಲಿ ಸಲೀಸಾಗಿ ತಿರುಗುತ್ತದಾ ನೋಡಿ. ಆಮೇಲೆ ಪ್ಯಾನಿಗೆ ನೀರು ತುಂಬಿ ಒಂದು ಹಾಳೆಯ ಮೇಲಿಟ್ಟು ಅರ್ಧ ಗಂಟೆ ಮಾತಾಡುತ್ತಾ ಕೂತಿರಿ. ಹಾಳೆ ಒದ್ದೆಯಾದರೆ ಸೀಲ್ ಹೋಗಿದೆ ಅಂತ ಅರ್ಥ, ನೀರು ಸೋರಿ ಒಳಗಿನ ಮೋಟರಿಗೂ ಇಳಿಯುತ್ತದೆ, ಬಿಟ್ಟು ಬನ್ನಿ. ಹಾಳೆ ಒಣಗಿಯೇ ಇದ್ದರೆ ಬೆಲೆ ಮಾತಾಡಿ.