ಇಪ್ಪತ್ತೊಂದು ಅಡಿಯೊಳಗೆ ಇಬ್ಬರು

ನಮ್ಮ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಎರಡು ತಿಂಗಳಿನಿಂದ ನೀಲಿ ಟೇಪಿನಲ್ಲಿ ಬರೆದ ಒಂದು ಮನೆ ಇದೆ. ಅದರ ಅಗಲ ಆರು ಅಡಿ. ಚಾಲಕನ ಸೀಟಿನ ಬೆನ್ನಿನಿಂದ ಹಿಂಬಾಗಿಲಿನವರೆಗಿನ ಉದ್ದ ಹದಿಮೂರು ಅಡಿ ಚಿಲ್ಲರೆ. ಈ ಚೌಕಟ್ಟಿನೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಮತ್ತು ಮೂವತ್ತೊಂದು ವರ್ಷ ಸಂಸಾರ ಮಾಡಿರುವ ಇಬ್ಬರು ಹಿಡಿಸಬೇಕು. ನಮ್ಮ ಯಜಮಾನರು ಹೋದ ವರ್ಷ ಕೆಲಸದಿಂದ ನಿವೃತ್ತರಾದ ಮೇಲೆ, ವರ್ಷದಲ್ಲಿ ಮೂರು ತಿಂಗಳಾದರೂ ಸ್ಯಾಕ್ರಮೆಂಟೊ ಬಿಟ್ಟು ಅಮೆರಿಕದ ಪಶ್ಚಿಮ ಭಾಗದ ನ್ಯಾಷನಲ್ ಪಾರ್ಕುಗಳಲ್ಲಿ ತಿರುಗಾಡೋಣವೆಂದು ನಿಶ್ಚಯಿಸಿ, ಒಳಗೇ ವಾಸ ಮಾಡುವಂಥ ಚಿಕ್ಕ ಮೋಟರ್‌ಹೋಮ್ ಕೊಳ್ಳಲು ಹೊರಟ ನಮಗೆ, ಎಂಜಿನ್ನು, ಬೆಲೆ, ಸಾಲದ ಬಡ್ಡಿ ಇವೆಲ್ಲಕ್ಕಿಂತ ಫ್ಲೋರ್ ಪ್ಲಾನ್, ಎಂದರೆ ಒಳಗೆ ಯಾವುದು ಎಲ್ಲಿರಬೇಕೆಂಬ ನಕ್ಷೆ, ಆರಿಸುವುದೇ ದೊಡ್ಡ ತಲೆನೋವಾಯಿತು. ಇಲ್ಲಿನ ಕನ್ನಡ ಕೂಟದಲ್ಲಿ ಇದೇ ಯೋಚನೆಯಲ್ಲಿರುವ ಇಬ್ಬರು ಮೂವರು ವಿಚಾರಿಸಿದ್ದರಿಂದ, ನಾವು ನೋಡಿದ್ದನ್ನೂ ಪೆಟ್ಟು ತಿಂದು ಕಲಿತದ್ದನ್ನೂ ಬರೆದಿಡುತ್ತಿದ್ದೇನೆ.

ಉದ್ದದ ವಿಷಯದಲ್ಲಿ ನಮಗೆ ಹೆಚ್ಚು ಚರ್ಚೆಯಾಗಲಿಲ್ಲ, ಏಕೆಂದರೆ ಅದನ್ನು ಒಂದು ರಸ್ತೆ ತೀರ್ಮಾನಿಸಿತು. ಮೊಂಟಾನಾದ ಗ್ಲೇಷಿಯರ್ ನ್ಯಾಷನಲ್ ಪಾರ್ಕಿನಲ್ಲಿ 1933ರಲ್ಲಿ ತೆರೆದ ಗೋಯಿಂಗ್-ಟು-ದ-ಸನ್ ರಸ್ತೆ ಸುಮಾರು 50 ಮೈಲಿ ಸಾಗಿ, 6,646 ಅಡಿ ಎತ್ತರದ ಲೋಗನ್ ಪಾಸನ್ನು ದಾಟುತ್ತದೆ. ಅದರ ಘಟ್ಟದ ಭಾಗದಲ್ಲಿ, ಬಂಪರುಗಳೂ ಸೇರಿ 21 ಅಡಿಗಿಂತ ಉದ್ದವಿರುವ ವಾಹನಗಳನ್ನು ಬಿಡುವುದಿಲ್ಲ. ಯಜಮಾನರಿಗೆ ಆ ರಸ್ತೆಯ ಮೇಲೆ ಇಪ್ಪತ್ತು ವರ್ಷಗಳಿಂದ ಕಣ್ಣು. ವಾಷಿಂಗ್ಟನ್ ರಾಜ್ಯದ ಫೆರಿಗಳಲ್ಲಿಯೂ 22 ಅಡಿ ಮುಟ್ಟಿದ ಗಾಡಿಗೆ ಮೇಲಿನ ದರ ಬೀಳುತ್ತದೆ. ದಿನಸಿ ಅಂಗಡಿಯ ಮುಂದೆ ಸಾಮಾನ್ಯ ಕಾರು ನಿಲ್ಲುವ ಜಾಗದಲ್ಲಿ ಸ್ವಲ್ಪ ಬಾಲ ಹೊರಗಿಟ್ಟಾದರೂ ನಿಲ್ಲಿಸಬಹುದಾದದ್ದು ಅಷ್ಟರೊಳಗಿನ ಗಾಡಿಯನ್ನೇ. ಹೀಗೆ 21 ಅಡಿ ಎಂಬುದು ನಮ್ಮ ಲಕ್ಷ್ಮಣರೇಖೆಯಾಯಿತು.

ಈ ಅಳತೆಯೊಳಗೆ ಸಿಗುವುದು ಕ್ಲಾಸ್ ಬಿ ಎಂದು ಕರೆಯುವ, ಸಾಮಾನು ಸಾಗಿಸುವ ವ್ಯಾನಿನ ಹೊಟ್ಟೆಯಲ್ಲೇ ಮನೆ ಕಟ್ಟಿದ ಗಾಡಿಗಳು. ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್, ಯೂರೋಪಿನ ಫಿಯೆಟ್ ಡುಕಾಟೊದಿಂದ ಹುಟ್ಟಿದ ರ‍್ಯಾಮ್ ಪ್ರೋಮಾಸ್ಟರ್, ಈ ಮೂರೇ ಮುಖ್ಯ. ಪ್ರೋಮಾಸ್ಟರಿನ ಎಂಜಿನ್ನು ಮುಂದಿನ ಚಕ್ರಗಳನ್ನು ತಿರುಗಿಸುವುದರಿಂದ ಹಿಂದಕ್ಕೆ ಹೋಗುವ ಶಾಫ್ಟ್ ಇಲ್ಲ, ಹೀಗಾಗಿ ನೆಲ ತಗ್ಗಾಗಿದೆ; ಒಳಗಿನ ಅಗಲವೂ ಉಳಿದೆರಡಕ್ಕಿಂತ ಐದಾರು ಇಂಚು ಹೆಚ್ಚು. ಐದಾರು ಇಂಚು ಮನೆಯಲ್ಲಿ ಲೆಕ್ಕಕ್ಕಿಲ್ಲ. ವ್ಯಾನಿನಲ್ಲಿ ಅದು, ಹಾಸಿಗೆಯನ್ನು ಅಡ್ಡ ಹಾಕಬಹುದೋ ಉದ್ದಕ್ಕೇ ಹಾಕಬೇಕೋ ಎಂಬುದನ್ನು ನಿರ್ಧರಿಸುವ ಅಳತೆ.

ಹಾಸಿಗೆಯೇ ಫ್ಲೋರ್ ಪ್ಲಾನಿನ ಯಜಮಾನ. ಅದು ಎಲ್ಲಿ ಕುಳಿತಿತೋ ಉಳಿದದ್ದೆಲ್ಲ ಅದರ ಸುತ್ತ ಹೊಂದಿಕೊಳ್ಳಬೇಕು. ಹಿಂಬದಿಯಲ್ಲಿ ಅಡ್ಡ ಹಾಕಿದ ಹಾಸಿಗೆ ಜಾಗ ಉಳಿಸುತ್ತದೆ, ಅದರ ಕೆಳಗೆ ಕುರ್ಚಿ, ಕೊಡೆ, ನೀರಿನ ಪೈಪು ಎಲ್ಲವನ್ನೂ ತುರುಕಬಹುದು, ಬೆಳಿಗ್ಗೆ ಹಿಂಬಾಗಿಲು ತೆರೆದರೆ ಮಲಗಿದಲ್ಲಿಂದಲೇ ಸರೋವರ ಕಾಣುತ್ತದೆ; ಜಾಹೀರಾತಿನ ಚಿತ್ರಗಳೆಲ್ಲ ಇದರವೇ. ಆದರೆ ಗೋಡೆಗೆ ಹೊದಿಕೆ, ಹಲಗೆ ಹಾಕಿದ ಮೇಲೆ ಉಳಿಯುವ ಆರು ಅಡಿಯಲ್ಲಿ, ಐದು ಅಡಿ ಹತ್ತು ಇಂಚಿನ ನಮ್ಮ ಯಜಮಾನರು ಮಲಗಿದರೆ ತಲೆ ಒಂದು ಗೋಡೆಗೆ, ಕಾಲು ಇನ್ನೊಂದು ಗೋಡೆಗೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ: ಒಳಬದಿಯಲ್ಲಿ ಮಲಗಿದವರು ರಾತ್ರಿ ಎದ್ದರೆ ಹೊರಬದಿಯವರ ಮೇಲೆ ಹತ್ತಿ ಇಳಿಯಬೇಕು. ಅರವತ್ತು ದಾಟಿದವರು ರಾತ್ರಿ ಎಷ್ಟು ಸಲ ಏಳುತ್ತಾರೆಂಬುದನ್ನು ಯಾವ ಬ್ರೋಷರೂ ಕೇಳುವುದಿಲ್ಲ. ಗ್ಯಾರೇಜಿನಲ್ಲಿ ಟೇಪಿನ ಗೆರೆಯೊಳಗೆ ಎರಡು ಯೋಗದ ಚಾಪೆ ಹಾಸಿ, ದೀಪ ಆರಿಸಿ, ನಾನು ಒಳಬದಿಯಿಂದ ಎದ್ದು ಹೊರಬರುವ ಅಭ್ಯಾಸ ಮಾಡಿದೆ. ಮೊದಲ ಸಲವೇ ನನ್ನ ಮೊಣಕೈ ಅವರ ಪಕ್ಕೆಗೆ ಬಡಿಯಿತು. "ಅಲ್ಲ ಕಣೇ, ಇದು ನೆಲದ ಮೇಲೆ. ಅಲ್ಲಿ ಮೂರಡಿ ಎತ್ತರದಿಂದ ಧುಮುಕಬೇಕು," ಎಂದು ಅವರು ಚಾಪೆ ಸುತ್ತಿಟ್ಟರು.

ಹಗಲು ಸೋಫಾ, ರಾತ್ರಿ ಹಾಸಿಗೆ ಆಗುವ ವಿನ್ಯಾಸ ಇನ್ನೊಂದು. ಈ ಯೋಚನೆ ಹೊಸದೇನಲ್ಲ: 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಪ್ರದರ್ಶನದಲ್ಲಿ ಪಿಯರ್ಸ್-ಆ್ಯರೋ ಕಂಪನಿ ತೋರಿಸಿದ ಟೂರಿಂಗ್ ಲ್ಯಾಂಡೋ ಎಂಬ ಕಾರಿನಲ್ಲಿಯೂ ಹಿಂದಿನ ಸೀಟು ಮಡಚಿ ಹಾಸಿಗೆಯಾಗುತ್ತಿತ್ತು. ಇಂದಿನ ಏರ್‌ಸ್ಟ್ರೀಮ್ ಇಂಟರ್‌ಸ್ಟೇಟಿನಲ್ಲಿ ಅದೇ ಕೆಲಸವನ್ನು ಗುಂಡಿ ಒತ್ತಿದರೆ ಮೋಟರು ಮಾಡುತ್ತದೆ. ಗೋಡೆಯಿಂದ ಕೆಳಗಿಳಿಯುವ ಮರ್ಫಿ ಬೆಡ್ ಇರುವ ಗಾಡಿಗಳೂ ಇವೆ. ಹಗಲಿನಲ್ಲಿ ಇವುಗಳಷ್ಟು ವಿಶಾಲವಾದದ್ದು ಬೇರಿಲ್ಲವೆಂಬುದು ನಿಜ. ಆದರೆ ನಮ್ಮ ಮನೆಯ ಕ್ರಮವೆಂದರೆ, ಅವರು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕಾಫಿ ಮಾಡಿಕೊಂಡು ಪತ್ರಿಕೆ ಓದುವವರು, ನಾನು ರಾತ್ರಿ ಹನ್ನೆರಡರವರೆಗೆ ದೀಪ ಉರಿಸಿ ಕೂರುವವಳು. ಸೋಫಾ ಹಾಸಿಗೆಯಾದ ಮೇಲೆ ಎಚ್ಚರವಾಗಿರುವವರಿಗೆ ಕೂರಲು ಜಾಗವೇ ಇಲ್ಲ. ಇಲ್ಲಿಗೆ ಬಂದ ಮೇಲೆ ನಮ್ಮ ಹುಡುಕಾಟಕ್ಕೆ ಒಂದು ದಾರಿ ಸಿಕ್ಕಿತು: ಇಬ್ಬರೂ ಎಚ್ಚರವಿದ್ದಾಗ, ಇಬ್ಬರೂ ಮಲಗಿದಾಗ ಎಲ್ಲ ಫ್ಲೋರ್ ಪ್ಲಾನುಗಳೂ ಚೆನ್ನಾಗಿಯೇ ಇರುತ್ತವೆ, ಒಬ್ಬರು ಮಲಗಿ ಇನ್ನೊಬ್ಬರು ಎದ್ದಿರುವ ಆ ಐದಾರು ಗಂಟೆಗಳಲ್ಲಿ ಅದು ಹೇಗಿರುತ್ತದೆಂಬುದನ್ನೇ ನೋಡಬೇಕು. ಎದ್ದವರಿಗೆ ಒಂದು ಕುರ್ಚಿ, ಒಂದು ಸಣ್ಣ ದೀಪ, ಒಂದು ಲೋಟ ಇಡಲು ಜಾಗ, ಮಲಗಿದವರನ್ನು ಮುಟ್ಟದೆ ಕಕ್ಕಸಿಗೆ ಹೋಗುವ ದಾರಿ ಇಷ್ಟು ಸಿಗಬೇಕು. ಆಮೇಲೆ ಪ್ರತಿ ನಕ್ಷೆಯನ್ನೂ ಬೆಳಗಿನ ನಾಲ್ಕೂವರೆ ಗಂಟೆಗೆ ಇಟ್ಟು ನೋಡತೊಡಗಿದೆವು.

ಆದರೂ ಒಮ್ಮೆ ದೊಡ್ಡ ಗಾಡಿಯ ಆಸೆ ಮೂಡಿತೆಂದು ಒಪ್ಪಿಕೊಳ್ಳಬೇಕು. ಸ್ಪ್ರಿಂಟರಿನ ಮುಂಭಾಗಕ್ಕೆ ಅಗಲವಾದ ಪೆಟ್ಟಿಗೆ ಕೂರಿಸಿದ 25 ಅಡಿಯ ಕ್ಲಾಸ್ ಸಿ ಗಾಡಿಯನ್ನು ಐದು ದಿನಕ್ಕೆ ಬಾಡಿಗೆಗೆ ಹಿಡಿದು ಉತ್ತರ ಕ್ಯಾಲಿಫೋರ್ನಿಯಾದ ಲಾಸ್ಸನ್ ಜ್ವಾಲಾಮುಖಿಯ ಕಡೆ ಹೋದೆವು. ಅದರಲ್ಲಿ ಸ್ಲೈಡ್‌ಔಟ್ ಇತ್ತು; ಎಂದರೆ ಗಾಡಿ ನಿಂತಾಗ ಒಂದು ಬದಿಯ ಗೋಡೆಯ ಭಾಗ ಮೇಜಿನ ಡ್ರಾಯರಿನ ಹಾಗೆ ಹೊರಕ್ಕೆ ಜಾರಿ ಒಳಗೆ ಜಾಗ ಬಿಡಿಸಿಕೊಡುತ್ತದೆ. ಅದು ತೆರೆದಾಗ ನಾನು ನಿಜವಾಗಿಯೂ ಮರುಳಾದೆ. ಮರುದಿನ ಮಧ್ಯಾಹ್ನ ಊಟಕ್ಕೆಂದು ಹೆದ್ದಾರಿಯ ಪಕ್ಕದ ಕಿರಿದಾದ ತಂಗುದಾಣದಲ್ಲಿ ನಿಲ್ಲಿಸಿದಾಗ, ಅಕ್ಕಪಕ್ಕ ಲಾರಿಗಳಿದ್ದುದರಿಂದ ಸ್ಲೈಡ್ ತೆರೆಯುವಂತಿರಲಿಲ್ಲ. ಅದು ಮುಚ್ಚಿದ್ದರೆ ಫ್ರಿಜ್ಜಿನ ಬಾಗಿಲು ಒಂದು ಗೇಣು ಮಾತ್ರ ತೆರೆಯುತ್ತಿತ್ತು. ಮೊಸರನ್ನದ ಡಬ್ಬಿ ಒಳಗೆ ಕಾಣುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ನಾಲ್ಕನೆಯ ದಿನ ಸ್ಲೈಡು ಅರ್ಧ ಹೊರಬಂದು ನಿಂತೇಬಿಟ್ಟಿತು. ಬಾಡಿಗೆ ಕೊಟ್ಟವರು ಫೋನಿನಲ್ಲಿ ಹೇಳಿದಂತೆ ಕ್ರ್ಯಾಂಕ್ ಹಾಕಿ ಕೈಯಿಂದ ತಿರುಗಿಸಿ ಒಳಕ್ಕೆ ತಳ್ಳಲು ಯಜಮಾನರಿಗೆ ಒಂದೂವರೆ ಗಂಟೆ ಹಿಡಿಯಿತು. ಸ್ಲೈಡ್ ಇರುವ ಗಾಡಿಯನ್ನು ನೋಡಲು ಹೋಗುವವರು, ಮಾರುವವರಿಗೆ ಹೇಳಿ ಅದನ್ನು ಮುಚ್ಚಿಸಿ, ಆಮೇಲೆ ಒಳಗೆ ಹೋಗಿ ಫ್ರಿಜ್ಜು, ಕಕ್ಕಸು, ಹಾಸಿಗೆ ಮೂರನ್ನೂ ಮುಟ್ಟಿ ನೋಡಬೇಕು. ದಾರಿಯಲ್ಲಿ ಅರ್ಧ ಬದುಕು ಮುಚ್ಚಿದ ಸ್ಲೈಡಿನಲ್ಲೇ ಕಳೆಯುತ್ತದೆ.

ಸ್ನಾನದ ಮನೆಯ ವಿಷಯಕ್ಕೆ ಬಂದರೆ, ಇಲ್ಲಿನವರು ವೆಟ್ ಬಾತ್ ಎಂದ ಕೂಡಲೇ ಮೂಗು ಮುರಿಯುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಕಮೋಡು, ಷವರು ಎರಡೂ ಒಂದೇ ಪುಟ್ಟ ಕೋಣೆಯಲ್ಲಿದ್ದು, ಸ್ನಾನ ಮಾಡಿದರೆ ನೆಲವೆಲ್ಲ ಒದ್ದೆಯಾಗುವ ಏರ್ಪಾಡು ಅದು; ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇರುವುದು ಅದೇ ಅಲ್ಲವೇ? ನಿಜವಾದ ಪ್ರಶ್ನೆ ಒದ್ದೆಯದಲ್ಲ, ಜಾಗದ್ದು. ವ್ಯಾನಿನ ನಡುವೆ ಇಟ್ಟ ಬಚ್ಚಲು ಬೀರುವಿನಷ್ಟೇ ಇರುತ್ತದೆ, ಜೊತೆಗೆ ಮುಂದಿನ ಗಾಜಿನಿಂದ ಹಿಂದಿನವರೆಗೆ ಹರಿಯುವ ನೋಟವನ್ನು ಕತ್ತರಿಸುತ್ತದೆ. ತೀರ ಹಿಂದೆ, ವ್ಯಾನಿನ ಇಡೀ ಅಗಲಕ್ಕೆ ಹಾಕಿದ ಬಚ್ಚಲಿನಲ್ಲಿ ಸೀರೆಯನ್ನಲ್ಲದಿದ್ದರೂ ಸಲ್ವಾರನ್ನು ನಿಂತು ಬದಲಾಯಿಸಬಹುದು. ಆದರೆ ಹಿಂಬಾಗಿಲು ತೆರೆದರೆ ಸರೋವರದ ಬದಲು ಕಮೋಡು ಕಾಣುತ್ತದೆ. ನೀರಿನ ಟ್ಯಾಂಕು ಸುಮಾರು 20 ಗ್ಯಾಲನ್, ಎಂದರೆ 75 ಲೀಟರಿನ ಆಸುಪಾಸು. ಷವರು ಬಿಟ್ಟು ಒಂದು ಸಣ್ಣ ಬಕೆಟ್ಟು, ಚೊಂಬು ಇಟ್ಟುಕೊಂಡರೆ ತಲಾ ಎಂಟು ಲೀಟರಿನಲ್ಲಿ ಸ್ನಾನ ಮುಗಿಯುತ್ತದೆಂದು ಮನೆಯಲ್ಲೇ ಅಳೆದು ನೋಡಿದ್ದೇನೆ.

ಎರಡನೆಯ ಬಾಡಿಗೆ ಪ್ರಯೋಗ 21 ಅಡಿಯ ಪ್ರೋಮಾಸ್ಟರ್ ವ್ಯಾನಿನದು. ಉದ್ದಕ್ಕೆ ಎರಡು ಬದಿಯಲ್ಲಿ ಎರಡು ಮಂಚ, ನಡುವೆ ಓಡಾಡುವ ದಾರಿ, ಹಿಂದೆ ಪೂರ್ತಿ ಅಗಲದ ಬಚ್ಚಲು. ವಿನ್ನೆಬೇಗೊ ಕಂಪನಿಯ ಟ್ರವಾಟೊ 59ಕೆ ಎಂಬ ಮಾದರಿಯದು ಈ ಬಗೆಯ ನಕ್ಷೆ. ಬೆಳಿಗ್ಗೆ ಅವರು ಎದ್ದದ್ದು ನನಗೆ ಗೊತ್ತೇ ಆಗಲಿಲ್ಲ. ಮುಂದಿನ ಸೀಟನ್ನು ಹಿಂದಕ್ಕೆ ತಿರುಗಿಸಿಕೊಂಡು, ನಡುವೆ ಒಂದು ಪರದೆ ಎಳೆದುಕೊಂಡು, ಮೊಣಕಾಲಿನ ಮೇಲೆ ಕಾಫಿ ಲೋಟ ಇಟ್ಟುಕೊಂಡು ಕೂತಿದ್ದರು. ಮೂಗಿಗೆ ಫಿಲ್ಟರ್ ಕಾಫಿಯ ವಾಸನೆ ಬಡಿದಾಗಲೇ ನನಗೆ ಎಚ್ಚರವಾದದ್ದು.

ಆದರೆ ಅದೇ ಗಾಡಿಯಲ್ಲಿ ಅಡುಗೆ ಕಟ್ಟೆ ನನಗೆ ಪಾಠ ಕಲಿಸಿತು. ಸಂಜೆ ಸಾರಿಗೆ ಒಗ್ಗರಣೆ ಹಾಕಿದೆ: ಒಂದು ಚಮಚ ಎಣ್ಣೆ, ಸಾಸಿವೆ, ಇಂಗು, ಎರಡು ಬ್ಯಾಡಗಿ ಮೆಣಸಿನಕಾಯಿ. ಸಾಸಿವೆ ಸಿಡಿದು ಮುಗಿಯುವ ಮುನ್ನ ಹೊಗೆಯ ಅಲಾರಂ ಕಿರುಚತೊಡಗಿತು. ನಾವಿಬ್ಬರೂ ಕೆಮ್ಮುತ್ತ ಬಾಗಿಲು ತೆರೆದು ಹೊರಗೆ ನಿಂತಾಗ, ಪಕ್ಕದ ಟೆಂಟಿನವರು ಬೆಂಕಿ ಬಿತ್ತೇ ಎಂದು ಟಾರ್ಚು ಹಿಡಿದು ಬಂದರು. ಆ ರಾತ್ರಿ ನನ್ನ ರಜಾಯಿಯ ತುಂಬ ಇಂಗು. ಆ ಗಾಡಿಯಲ್ಲಿ ಮಾಡಿನ ಫ್ಯಾನು ಇದ್ದದ್ದು ಮಂಚಗಳ ಮೇಲೆ; ಹೀಗಾಗಿ ಅದು ಒಲೆಯ ಹೊಗೆಯನ್ನು ಹಾಸಿಗೆಯ ಮೇಲಿಂದಲೇ ಎಳೆದುಕೊಂಡು ಹೋಗುತ್ತಿತ್ತು. ಫ್ಯಾನು ಒಲೆಯ ನೆತ್ತಿಯ ಮೇಲಿರಬೇಕು, ಇಲ್ಲವೇ ಒಲೆ ಪಕ್ಕಬಾಗಿಲಿಗೆ ತಾಗಿರಬೇಕು. ಪಕ್ಕಬಾಗಿಲಿನ ಒಲೆ ಬರುವ ಹೋಗುವ ದಾರಿಯನ್ನು ಸ್ವಲ್ಪ ತಿನ್ನುತ್ತದೆಂದು ದೂರುವವರಿದ್ದಾರೆ. ಒಗ್ಗರಣೆ ಹಾಕದವರ ದೂರು ಅದು. ಕಟ್ಟೆಯ ಅಗಲದಲ್ಲಿ ನಮ್ಮ ಮೂರು ಲೀಟರಿನ ಕುಕ್ಕರು ಇಟ್ಟ ಮೇಲೆ ಈಳಿಗೆ ಬೇಡ, ಒಂದು ಹಲಗೆ ಚಾಕುವಿಗಾದರೂ ಜಾಗ ಉಳಿಯುತ್ತದೆಯೇ ನೋಡಬೇಕು. ಇನ್ನು ಕ್ಯಾಂಪ್‌ಗ್ರೌಂಡುಗಳಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡುವಂತಿಲ್ಲ, ಆದ್ದರಿಂದ ಕುಕ್ಕರಿನ ಕೂಗಿಗೆ ಅವೇಳೆಯಲ್ಲಿ ಅವಕಾಶವಿಲ್ಲ.

ಎಷ್ಟು ಜನ ಮಲಗಬಹುದು ಎಂಬುದು ಮಾರಾಟಗಾರರ ಅಚ್ಚುಮೆಚ್ಚಿನ ಪ್ರಶ್ನೆ. ಮಗಳು ಬಂದರೆ ಎಲ್ಲಿ ಮಲಗುತ್ತಾಳೆಂದು ನಾನೂ ಒಂದು ವಾರ ಕೊರಗಿದೆ. ವರ್ಷಕ್ಕೆ ನಾಲ್ಕು ರಾತ್ರಿ ಬರುವ ಮಗಳಿಗಾಗಿ ಉಳಿದೆಲ್ಲ ರಾತ್ರಿ ಇಬ್ಬರೂ ಮುದುಡಿಕೊಳ್ಳುವುದು ಯಾವ ಲೆಕ್ಕ ಎಂದು ಅವಳೇ ಫೋನಿನಲ್ಲಿ ಬೈದಳು. ತನಗೊಂದು ಟೆಂಟು ಸಾಕಂತೆ. ತೂಕದ ಮಾತು ಮಾತ್ರ ಹಗುರವಾಗಿ ಬಿಡುವಂಥದ್ದಲ್ಲ. ಗಾಡಿಯ ಮೇಲೆ ಅಂಟಿಸಿರುವ ಹಳದಿ ಚೀಟಿಯಲ್ಲಿ, ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡು ಹೇರಬಹುದೆಂದು ಬರೆದಿರುತ್ತದೆ, ಮತ್ತು ಟ್ಯಾಂಕಿನ ನೀರೂ ಆ ಲೆಕ್ಕದೊಳಗೇ ಬರುತ್ತದೆ. 20 ಗ್ಯಾಲನ್ ನೀರೆಂದರೆ 166 ಪೌಂಡು. ಅದರ ಮೇಲೆ ನಾವಿಬ್ಬರು, ಆಮೇಲೆ ಅಕ್ಕಿ, ಬೇಳೆ, ಉಪ್ಪಿನಕಾಯಿ ಜಾಡಿ.

ಹೋದ ವಾರ ಉದ್ದದ ಎರಡು ಮಂಚ, ಹಿಂದೆ ಬಚ್ಚಲು, ಪಕ್ಕಬಾಗಿಲಿನ ಬಳಿ ಒಲೆ, ಅದರ ನೆತ್ತಿಯ ಮೇಲೆ ಫ್ಯಾನು ಇರುವ, ಮೂರು ವರ್ಷ ಹಳೆಯ ಪ್ರೋಮಾಸ್ಟರ್ ವ್ಯಾನಿಗೆ ಮುಂಗಡ ಕೊಟ್ಟೆವು. ಅಡುಗೆ ಕಟ್ಟೆ ಒಂದು ಬದಿಯನ್ನು ತಿಂದಿರುವುದರಿಂದ ಮಂಚಗಳೆರಡೂ ಸಮವಾಗಿಲ್ಲ. ಉದ್ದನೆಯದು ಅವರಿಗೆ, ಗಿಡ್ಡದು ನನಗೆ. ಅಳತೆಯೆಲ್ಲ ಇನ್ನೊಮ್ಮೆ ಸರಿನೋಡೋಣವೆಂದು ಟೇಪು ಹಿಡಿದು ಗಾಡಿಯ ಸುತ್ತ ಹೋದ ಯಜಮಾನರು ಮುಂದುಗಡೆ ನಿಂತು ಬಹಳ ಹೊತ್ತು ಮಾತಾಡಲಿಲ್ಲ. "ಏನ್ರೀ?" ಎಂದೆ. ಗ್ಲೇಷಿಯರ್ ರಸ್ತೆಯ ನಿಯಮದಲ್ಲಿ ಉದ್ದದ ಜೊತೆಗೆ ಅಗಲದ ಮಿತಿಯೂ ಇದೆ, ಕನ್ನಡಿಗಳೂ ಸೇರಿ 8 ಅಡಿ. ನಾವು ಇಷ್ಟು ದಿನ ಅದರ ಮೊದಲ ಅರ್ಧವನ್ನೇ ಬಾಯಿಪಾಠ ಮಾಡಿದ್ದೆವು. ಈ ವ್ಯಾನಿನ ಎರಡು ಕನ್ನಡಿಗಳ ತುದಿಯಿಂದ ತುದಿಗೆ 8 ಅಡಿಯ ಮೇಲೆ ಕೆಲವು ಇಂಚು ಬರುತ್ತದೆ. ಮುಂಗಡ ವಾಪಸು ಕೇಳಲು ಇಬ್ಬರಿಗೂ ಮನಸ್ಸಾಗಲಿಲ್ಲ. ಆ ರಸ್ತೆಯಲ್ಲಿ ಮೇಲಿನ ಕ್ಯಾನ್ವಾಸು ಮಡಚಿ ಆಕಾಶ ತೋರಿಸುತ್ತ ಓಡುವ, 1930ರ ದಶಕದ ಕೆಂಪು ಬಸ್ಸುಗಳಿವೆ. ವ್ಯಾನನ್ನು ಕೆಳಗಿನ ಕ್ಯಾಂಪಿನಲ್ಲಿ ನಿಲ್ಲಿಸಿ ಅದರಲ್ಲೇ ಲೋಗನ್ ಪಾಸಿಗೆ ಹೋಗುವುದೆಂದು ಅವರು ಈಗ ಟಿಕೆಟ್ಟಿನ ವಿಚಾರಣೆಯಲ್ಲಿದ್ದಾರೆ.